ಟೈಲ್ಸ್ ಹಿಂದಿನ ಗೋಡೆ

ಅರವತ್ತೆಂಟು ತುಂಬಿ, ಮೂರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮೇಲೂ ಅವನು ಚಿಕ್ಕ ಮೇಸ್ತ್ರಿಯೇ. ಅಣ್ಣ ದೊಡ್ಡ ಮೇಸ್ತ್ರಿ ಬದುಕಿರುವಷ್ಟು ದಿನ ತಮ್ಮ ಚಿಕ್ಕವನಾಗಿಯೇ ಇರಬೇಕೆಂಬುದು ಊರಿನವರು ಯಾರನ್ನೂ ಕೇಳದೆ ಮಾಡಿಕೊಂಡ ಕಾನೂನು. ಮೊದಮೊದಲು ಆ ಹೆಸರು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು ಎಂದು ಅವನೇ ಹೇಳುತ್ತಿದ್ದ. ಸದ್ಯಕ್ಕೆ ನಾವೂ ನಂಬೋಣ.

ಅವನ ಕಸುಬು ಹಳೆಯ ಮನೆಗಳ ಮುಖ ಬದಲಿಸುವುದು. ಒಳಗಿನ ಅಡುಗೆಮನೆ, ಬಚ್ಚಲುಮನೆಯ ಗೊಡವೆ ಅವನಿಗೆ ಬೇಡ. ಬೀದಿಗೆ ಕಾಣುವ ಭಾಗ, ಕಸುಬಿನವರ ಬಾಯಲ್ಲಿ ಎಲಿವೇಷನ್, ಅಷ್ಟು ಮಾತ್ರ ಅವನದು. ನೀರಿನ ಟ್ಯಾಂಕಿನ ಹಿಂದಿನ ಉದ್ದ ಬೀದಿಯೊಂದೇ ಅವನ ಸಂಸಾರವನ್ನು ಸಾಕಿತು ಎಂದರೆ ತಪ್ಪಿಲ್ಲ. ಐವತ್ತು ಅರವತ್ತು ವರ್ಷದ ಹಿಂದೆ ಆ ಬೀದಿಯಲ್ಲಿ ಸಾಲಾಗಿ ಎದ್ದ ಮನೆಗಳಿಗೆಲ್ಲ ಒಂದೇ ಚಹರೆ: ಸಮತಟ್ಟು ತಾರಸಿ, ಗೋಡೆಯಿಂದ ನಾಲ್ಕಡಿ ಮುಂದಕ್ಕೆ ಚಾಚಿದ ತೆಳ್ಳಗಿನ ಸಜ್ಜಾ, ಅದನ್ನು ಹೊರಲು ಬೇಕೆಂದೇ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಕಂಬಗಳು, ಈ ಮೂಲೆಯಿಂದ ಆ ಮೂಲೆಗೆ ಓಡುವ ಉದ್ದ ಕಿಟಕಿ, ಕಾರು ನಿಲ್ಲಿಸುವಲ್ಲಿ ತೂತುತೂತಿನ ಜಾಲಿ. ಆಗ ಅವು ತೀರಾ ಹೊಸ ಫ್ಯಾಷನ್ನಿನವು. ಬೆಂಕಿಪೊಟ್ಟಣ ಎಂದು ನಕ್ಕವರೂ ಇದ್ದರು. ನಕ್ಕವರೇ ಆಮೇಲೆ ಅಂಥದ್ದನ್ನು ಕಟ್ಟಿಸಿದರು.

ಪ್ರತಿ ಮನೆಯ ಮುಂಬಾಗಿಲಿನ ಪಕ್ಕದಲ್ಲೂ ಒಂದು ಗೋಡೆ ಮಾತ್ರ ತಾರಸಿಯನ್ನು ದಾಟಿ ಎತ್ತರಕ್ಕೆ ಎದ್ದಿರುತ್ತಿತ್ತು. ಅದಕ್ಕೆ ಸುಣ್ಣವಿಲ್ಲ, ಬಣ್ಣವಿಲ್ಲ. ಹಸಿ ಗಾರೆಯ ಮೇಲೆ ಕಡಲೆಕಾಳಿನ ಗಾತ್ರದ ಬಿಳಿ, ಬೂದು ಹರಳುಗಳನ್ನು ಎರಚುವುದು; ಅವು ಕಚ್ಚಿಕೊಂಡ ಮೇಲೆ ನೀರು ಹೊಡೆದು ಬ್ರಷ್ಷಿನಲ್ಲಿ ತೊಳೆಯುವುದು; ಆಗ ಪ್ರತಿ ಹರಳಿನ ಮುಖವೂ ಹೊರಗೆ ಕಾಣುತ್ತದೆ. ಹೇಳುವುದಕ್ಕೆ ಇಷ್ಟೇ, ಮಾಡುವವನಿಗೆ ಗೊತ್ತು ಅದರ ಪಾಡು. ಗಾರೆ ತೀರಾ ಹಸಿಯಿದ್ದರೆ ಹರಳು ಮುಳುಗುತ್ತದೆ, ಒಣಗಿದ್ದರೆ ಉದುರಿ ಕಾಲ ಮೇಲೆ ಬೀಳುತ್ತದೆ. ಮೊಣಕೈ ಅಲ್ಲಾಡಬಾರದು, ಮಣಿಕಟ್ಟು ಮಾತ್ರ ತಿರುಗಬೇಕು. ಇಡೀ ಗೋಡೆಯನ್ನು ಒಂದೇ ದಿನದಲ್ಲಿ ಒಬ್ಬನೇ ಮುಗಿಸಬೇಕು. ನಡುವೆ ಕೈ ಬದಲಾದರೆ ಸಂಜೆ ಬಿಸಿಲು ಬಿದ್ದಾಗ ಗೋಡೆ ಎರಡು ಬಣ್ಣವಾಗಿ ಕಾಣುತ್ತದೆ.

ಆ ಬೀದಿಯ ಹನ್ನೊಂದು ಹರಳು ಗೋಡೆಗಳೂ ದೊಡ್ಡ ಮೇಸ್ತ್ರಿಯ ಕೈಕೆಲಸ. ಆಗ ಅವನಿಗೆ ಇಪ್ಪತ್ತರಿಂದ ಇಪ್ಪತ್ತೆಂಟರ ಪ್ರಾಯ. ಗೋಡೆ ತೊಳೆಯುವ ದಿನ ದಾರಿಹೋಕರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.

ಕೊನೆಯ ಮೂರು ನಾಲ್ಕು ಮನೆಗಳ ಹೊತ್ತಿಗೆ ತಮ್ಮನೂ ಕೆಲಸಕ್ಕೆ ಸೇರಿದ. ಹದಿನೈದು ವರ್ಷ, ಕಲಿಯುವ ಹುಮ್ಮಸ್ಸು, ಎಲ್ಲ ಸರಿ. ಆದರೆ ಅವನು ಎಡಚ. ಅಣ್ಣ ಒಂದು ಮೊಳದಷ್ಟು ಜಾಗ ಬಿಟ್ಟುಕೊಟ್ಟು ಎರಚಿಸಿ ನೋಡಿದ. ಬಿಸಿಲು ವಾಲಿದ ಮೇಲೆ ಆ ಮೊಳದಷ್ಟು ಜಾಗ ಮಾತ್ರ ಕಪ್ಪಗೆ, ತೇಪೆ ಹಾಕಿದ ಹಾಗೆ ಎದ್ದು ಕಂಡಿತು.

"ನಿನ್ನ ಕೈಯಲ್ಲಿ ತಪ್ಪಿಲ್ಲ ಕಣೋ," ಅಂದಿದ್ದ ಅಣ್ಣ. "ಆದ್ರೆ ನಿನ್ನ ಹರಳು ಆ ಕಡೆ ಮುಖ ಮಾಡ್ತವೆ, ನನ್ನವು ಈ ಕಡೆ. ಮುಂದಿನ ಗೋಡೆ ನಂಗೆ ಬಿಡು. ಹಿತ್ತಲ ಗೋಡೆ ಪೂರ್ತಿ ನಿಂದೇ."

ಅಣ್ಣನ ಮಾತಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ, ಕೆಲಸದ ಮಾತಷ್ಟೇ. ಆದರೆ ಹಿತ್ತಲ ಗೋಡೆಯನ್ನು ನೋಡುವುದು ಒಣಹಾಕಿದ ಬಟ್ಟೆಗಳು ಮಾತ್ರ. ಆ ಹದಿನೈದರ ಹುಡುಗ ಮರುಮಾತಾಡದೆ ಹಿತ್ತಲಿಗೆ ಹೋದ, ಮನಸ್ಸಿನಲ್ಲಿ ಅಲ್ಲಿಂದ ಮುಂದಕ್ಕೆ ಬರಲೇ ಇಲ್ಲ.

ಕಾಲ ತಿರುಗಿತು. ಹರಳು ಗೋಡೆ ಹಳೇ ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದು ಮನೆಯವರಿಗೆ ಅನ್ನಿಸತೊಡಗಿತು. ಎಲ್ಲರಿಗೂ ಮಿಂಚಬೇಕು, ಫಳಫಳ ಎನ್ನಬೇಕು. ದೊಡ್ಡ ಮೇಸ್ತ್ರಿ ಅಂಥ ಕೆಲಸಕ್ಕೆ ಕೈ ಹಾಕಲಿಲ್ಲ. ಚಿಕ್ಕ ಮೇಸ್ತ್ರಿ ಎರಡೂ ಕೈ ಹಾಕಿದ. ಮೊದಲ ಮನೆಗೆ ಟೈಲ್ಸ್ ಹೊದಿಸಿದ್ದು ಇಪ್ಪತ್ತೇಳು ವರ್ಷದ ಹಿಂದೆ.

ಹೊದಿಸುವುದಕ್ಕೆ ಆಗ ಎರಡು ದಾರಿ ಇದ್ದವು. ಗೋಡೆಯ ಮೇಲೆ ಕಬ್ಬಿಣದ ಫ್ರೇಮ್ ನಿಲ್ಲಿಸಿ ಅದರ ಮೇಲೆ ಟೈಲ್ಸ್ ಕೂರಿಸಿದರೆ ಒಳಗಿನ ಗೋಡೆ ಇದ್ದ ಹಾಗೇ ಇರುತ್ತದೆ. ನಾಲ್ಕೆಂಟು ತಿರುಪಿನ ತೂತು, ಅಷ್ಟೇ. ಕೆಲಸ ಒಂದು ವಾರ ಹೆಚ್ಚು ಹಿಡಿಯುತ್ತದೆ. ಇನ್ನೊಂದು ದಾರಿ, ಚಾಣ ಸುತ್ತಿಗೆ ಹಿಡಿದು ಗೋಡೆಯ ತುಂಬ ಕಚ್ಚು ಹೊಡೆದು, ಅದರ ಮೇಲೆ ನೇರವಾಗಿ ಅಂಟಿಸುವುದು. ಅವನು ಕಚ್ಚು ಹೊಡೆದ. ಅದೂ ಆಳುಗಳಿಗೆ ಬಿಡದೆ ತಾನೇ ಏಣಿ ಹತ್ತಿ ಹೊಡೆದ. ಅಂಗೈ ಅಗಲಕ್ಕೆ ಒಂದು ಕಚ್ಚು ಸಾಕು. ಅವನು ಹತ್ತು ಹೊಡೆದ. ಆಳುಗಳು ನಿಧಾನ, ಅದಕ್ಕೇ ನಾನೇ ಮಾಡಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೊಟ್ಟೆಕಿಚ್ಚಿಗೆ ಇಷ್ಟು ಚೆಂದದ ಹೆಸರು ಇಟ್ಟವರು ಕಡಿಮೆ.

ಆ ಸಂಜೆ ಅಣ್ಣ ಬಂದ. ಹೊಸ ಟೈಲ್ಸ್ ನೋಡಿದ. ಟೈಲ್ಸಿನ ಹಿಂಬದಿ ಕಾಣದ ಹಾಗೆ ಅಂಚಿನಲ್ಲಿ ತಮ್ಮ ಕಟ್ಟಿದ್ದ ಎರಡಿಂಚಿನ ಪಟ್ಟಿಯನ್ನು ನೋಡಿದ. ಒಂದೇ ಮಾತು ಕೇಳಿದ.

"ಕೆಳಗಿಂದು?"

"ಹಾಗೇ ಇದೆ ಅಣ್ಣ. ಫ್ರೇಮ್ ಹಾಕಿ ಮೇಲೆ ಕೂರಿಸಿದೀನಿ. ಒಂದು ಹರಳೂ ಅಲ್ಲಾಡಿಲ್ಲ."

ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಕಂಡು ಅವನಿಗೇ ಆಶ್ಚರ್ಯವಾಯಿತು. ಅಣ್ಣ ತಮ್ಮನ ಬೆನ್ನ ಮೇಲೆ ಕೈಯಿಟ್ಟು, "ಒಳ್ಳೇದು ಮಾಡ್ದೆ," ಅಂದ. ಬೆರಳಲ್ಲಿ ಟೈಲ್ಸನ್ನು ಒಮ್ಮೆ ತಟ್ಟಿದ್ದರೆ ಫ್ರೇಮಿನ ಟೊಳ್ಳು ಸದ್ದು ಬಾರದೆ ಬಣ್ಣ ಬಯಲಾಗುತ್ತಿತ್ತು. ದೊಡ್ಡ ಮೇಸ್ತ್ರಿ ತಟ್ಟಲಿಲ್ಲ. ತಮ್ಮನ ಮಾತನ್ನು ತಟ್ಟಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಹನ್ನೊಂದೂ ಗೋಡೆಗಳು ಮುಚ್ಚಿದವು. ಪ್ರತಿ ಸಲವೂ ಅಣ್ಣ ಅದೇ ಮಾತು ಕೇಳಿದ, ತಮ್ಮ ಅದೇ ಉತ್ತರ ಕೊಟ್ಟ. ಎರಡನೆಯದರಿಂದಾಚೆ ನಿಜ ಹೇಳಿದರೆ ಮೊದಲನೆಯದೂ ಹೊರಬೀಳುತ್ತದಲ್ಲ!

ಇಷ್ಟು ಹಳೆಯ ಕತೆ. ಈಗಿನದ್ದು ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಬೀದಿಯ ಏಳನೆಯ ಮನೆಯ ಗೇಟಿನಲ್ಲಿ. ಆ ಮನೆಯನ್ನು ಹೊಸದಾಗಿ ಕೊಂಡಿದ್ದ ಟೀಚರಮ್ಮ ಚಿಕ್ಕ ಮೇಸ್ತ್ರಿಯನ್ನು ಕರೆಸಿದ್ದಳು. ಟೈಲ್ಸ್ ಅಲ್ಲಲ್ಲಿ ಉಬ್ಬಿ ಡಬಡಬ ಎನ್ನುತ್ತಿತ್ತು.

"ಇದನ್ನೆಲ್ಲಾ ತೆಗೆದುಬಿಡಿ ಮೇಸ್ತ್ರಿಗಳೇ," ಅಂದಳು.

"ತೆಗೆದು ಯಾವ್ದು ಹಾಕೋಣ ಮೇಡಂ? ಈಗ ಮರದ ತರ ಕಾಣೋ ಶೀಟು ಬಂದಿದೆ. ಮರಗೆಲಸದವರೇ ನೋಡಿದ್ರೂ ಮೋಸ ಹೋಗ್ಬೇಕು."

"ಏನೂ ಹಾಕ್ಬೇಡಿ. ಕೆಳಗಿರೋ ಗೋಡೆನೇ ಬೇಕು ನಂಗೆ." ಆಕೆ ಪುಸ್ತಕದೊಳಗಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದಳು. ಮನೆ ಕಟ್ಟಿದ ಹೊಸತರಲ್ಲಿ ತೆಗೆದದ್ದು. ಹಿಂದಿನ ಮಾಲೀಕರು ಬಿಟ್ಟುಹೋದ ಕಪಾಟಿನಲ್ಲಿ ಸಿಕ್ಕಿತಂತೆ. ಓರೆ ಕಂಬಗಳ ನಡುವೆ ಆ ಎತ್ತರದ ಗೋಡೆ, ಬಿಸಿಲಿನಲ್ಲಿ ಹರಳು ಹರಳನ್ನೂ ಎಣಿಸುವ ಹಾಗೆ ನಿಂತಿತ್ತು.

ಚಿಕ್ಕ ಮೇಸ್ತ್ರಿ ಫೋಟೋದಿಂದ ಮುಖ ತಿರುಗಿಸಿದ. "ಅದು ಹಾಳಾಗಿರುತ್ತೆ ಮೇಡಂ. ಇಷ್ಟು ವರ್ಷ ನೀರು ಕುಡಿದಿರುತ್ತೆ."

"ಇಲ್ವಂತೆ! ನಿಮ್ಮ ಅಣ್ಣನೇ ಹೇಳಿದ್ರು. ದಿನಾ ಸಂಜೆ ಈ ಬೀದೀಲಿ ನಡ್ಕೊಂಡು ಹೋಗ್ತಾರಲ್ಲ, ಮೊನ್ನೆ ಮಾತಾಡ್ಸಿದೆ. ‘ನನ್ನ ತಮ್ಮ ಒಂದು ಹರಳೂ ಅಲ್ಲಾಡದ ಹಾಗೆ ಮುಚ್ಚಿದಾನೆ, ಅವನಿಗೆ ಹೇಳಿ, ಅವನೇ ತೆಗೀಲಿ’ ಅಂದ್ರು. ಶನಿವಾರ ಅವರ ಎದುರಿಗೇ ತೆಗೆಸ್ತೀನಿ ಅಂತ ಮಾತು ಕೊಟ್ಟಿದೀನಿ."

ಅಳತೆ ತೆಗೆಯುವ ನೆಪ ಹೇಳಿ ಗುರುವಾರ ಆಕೆ ಶಾಲೆಗೆ ಹೋದ ಮೇಲೆ ಅವನೊಬ್ಬನೇ ಬಂದ. ಮರೆಯಲ್ಲಿದ್ದ ಕೆಳಸಾಲಿನ ಎರಡು ಟೈಲ್ಸ್ ಎಬ್ಬಿಸಿದ. ಒಳಗೆ ಏನಿದೆ ಎಂದು ಗೊತ್ತಿಲ್ಲದವನೇನೂ ಅಲ್ಲ. ಆದರೂ ಬಗ್ಗಿ ನೋಡಿದ. ಕಚ್ಚಿನ ಪಕ್ಕ ಕಚ್ಚು, ಕಚ್ಚಿನೊಳಗೆ ಕಚ್ಚು, ಎಲ್ಲವೂ ಎಡಗೈಯ ಏಟು ಬೀಳುವ ದಿಕ್ಕಿಗೇ ಓರೆಯಾಗಿ. ಇಂಥ ಕೆಲಸವನ್ನು ಅವನು ಜೀವಮಾನದಲ್ಲಿ ಇನ್ನೆಲ್ಲಿಯೂ ಇಷ್ಟು ಮನಸ್ಸಿಟ್ಟು ಮಾಡಿರಲಿಲ್ಲ.

ಸರಿ ಮಾಡಿಬಿಡೋಣ ಎಂದುಕೊಂಡ. ಎರಡು ದಿನ ಇದೆಯಲ್ಲ. ತನ್ನ ಮನೆಯ ಹಿಂದೆ ಒಂದು ಹಲಗೆಗೆ ಗಾರೆ ಮೆತ್ತಿ, ಹರಳು ತಂದು, ಎರಚಿ ನೋಡಿದ. ಅರ್ಧ ಉದುರಿದವು, ಅರ್ಧ ಮುಳುಗಿದವು, ನಿಂತವು ಆ ಕಡೆಗೇ ಮುಖ ತಿರುಗಿಸಿಕೊಂಡವು. ಬಲಗೈಯಲ್ಲಿ ಎರಚಿದ, ಒಂದು ಹಿಡಿ ಹರಳು ಪಕ್ಕದ ಮನೆಯ ಕಾಂಪೌಂಡ್ ದಾಟಿ ಬಕೆಟ್ಟಿನೊಳಗೆ ಟಣಟಣ ಬಿದ್ದವು. "ಯಾರ್ರೀ ಅದು ಕಲ್ಲು ಹೊಡೀತಿರೋದು?" ಎಂದು ಯಾರೋ ಗದರಿದರು. ಅರವತ್ತೆಂಟು ವರ್ಷದವನು ಬಾಳೆಲೆಯಷ್ಟು ಹಲಗೆಯ ಮುಂದೆ ಬಗ್ಗಿ ಅವಿತುಕೊಂಡ.

ಶುಕ್ರವಾರ ಅಣ್ಣನ ಮನೆಗೆ ಹೋದ. ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋದ. ಅತ್ತಿಗೆ ಬಾಗಿಲಲ್ಲೇ ಸಿಕ್ಕಳು. ತಾಯಿ ಹೋದ ಮೇಲೆ ಅವನಿಗೆ ತುತ್ತು ಕೊಟ್ಟು ದೊಡ್ಡವನನ್ನಾಗಿ ಮಾಡಿದವಳು ಅವಳೇ.

"ಬಾ, ನಿಮ್ಮಣ್ಣನ್ನ ನೋಡು ಬಾ," ಅಂದಳು ನಗುತ್ತ. "ಮೂರು ದಿನದಿಂದ ನೆಲದ ಮೇಲೆ ಕಾಲಿಲ್ಲ. ನಮ್ಮ ಮದ್ವೆ ದಿನಾನೂ ಇಷ್ಟು ಸಂಭ್ರಮ ಪಟ್ಟಿರ್ಲಿಲ್ಲ ಮನುಷ್ಯ. ಹೊಸ ಶರ್ಟು ತೆಗೀ ಅಂತಾರೆ, ಕನ್ನಡಕ ಒರೆಸು ಅಂತಾರೆ."

"ಅತ್ತಿಗೆ, ನಾಳೆ ಅಣ್ಣ ಬರೋದು ಬೇಡ. ಧೂಳು ಜಾಸ್ತಿ. ಕೆಮ್ಮು ಶುರುವಾದ್ರೆ ಕಷ್ಟ. ಹೇಗಾದ್ರೂ ನಿಲ್ಸಿ."

ಅತ್ತಿಗೆ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಆ ಮನುಷ್ಯ ಇಪ್ಪತ್ತೇಳು ವರ್ಷ ಧೂಳಿಲ್ಲದೇ ಕೂತಿದಾರೆ ಕಣೋ. ನಾಳೆ ಒಂದಿನ ಕುಡೀಲಿ ಬಿಡು."

ಅಣ್ಣ ಒಳಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಇಸ್ತ್ರಿ ಮಾಡಿದ ಶರ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಎಂಬತ್ತು ವರ್ಷದ ಆ ಕೈಗಳು ಈಚೆಗೆ ಸದಾ ನಡುಗುತ್ತಿದ್ದವು. ನೀರಿನ ಲೋಟ ಹಿಡಿಯಲೂ ಎರಡು ಕೈ ಬೇಕು. ತಮ್ಮನನ್ನು ಕಂಡು ಮುಖ ಅರಳಿತು.

"ನಾಳೆ ನೀನು ನನ್ನ ಪಕ್ಕದಲ್ಲೇ ನಿಂತಿರ್ಬೇಕು," ಅಂದ. "ಮಾಡಿದ್ದು ನಾನಿರಬಹುದು, ಉಳಿಸಿದವನು ನೀನು. ಟೀಚರಮ್ಮಂಗೂ ಹಾಗೇ ಹೇಳಿದೀನಿ."

ಚಿಕ್ಕ ಮೇಸ್ತ್ರಿ ಬಾಯಿ ತೆರೆದ. "ಬಿಸಿಲಿರುತ್ತೆ ಅಣ್ಣ, ಟೋಪಿ ಹಾಕ್ಕೊಂಡು ಬಾ," ಅಂದು ಎದ್ದುಬಿಟ್ಟ. ಗೇಟು ದಾಟಿದ ಮೇಲೆ ತನ್ನ ಕೆನ್ನೆಗೆ ತಾನೇ ಎರಡು ಬಿಗಿಯಬೇಕೆನಿಸಿತು. ಬೀದಿಯಲ್ಲಿ ಜನ ಇದ್ದರು, ಸುಮ್ಮನಾದ.

ಶನಿವಾರ ಬೆಳಿಗ್ಗೆ ಟೀಚರಮ್ಮ ಗೋಡೆಯ ಎದುರು ಕುರ್ಚಿ ಹಾಕಿಸಿದ್ದಳು. ದೊಡ್ಡ ಮೇಸ್ತ್ರಿ ಹೊಸ ಶರ್ಟು, ಟೋಪಿ ತೊಟ್ಟು ಬಂದು ಕೂತ. ಇಬ್ಬರು ಆಳುಗಳು ಏಣಿ ಏರಿದರು. ಚಿಕ್ಕ ಮೇಸ್ತ್ರಿ ಆ ಎರಡು ದಿನದಲ್ಲಿ ಲೆಕ್ಕ ಹಾಕಿದ್ದು ಒಂದೇ: ಬಾಗಿಲ ಕಡೆಯ ಮೇಲಿನ ಮೂಲೆಗೆ ಅವತ್ತು ಏಣಿ ಸರಿಯಾಗಿ ಎಟುಕಿರಲಿಲ್ಲ, ಅಲ್ಲಿ ಏನಾದರೂ ಉಳಿದಿರಬೇಕು. ಅಲ್ಲಿಂದಲೇ ಶುರು ಮಾಡಿಸಿದ. ಮೊದಲ ಟೈಲ್ಸ್ ಬಿತ್ತು. ಅದರ ಹಿಂದೆ ಸಿಮೆಂಟು ಹಿಡಿಯದೆ ಉಳಿದಿದ್ದ ಎರಡು ಅಂಗೈ ಅಗಲದಷ್ಟು ಹರಳುಗಳು, ಮೊನ್ನೆ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು.

"ನೋಡಿ! ನೋಡಿ!" ದೊಡ್ಡ ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದ. "ಬಿಳಿ ಮೂರು ಪಾಲು, ಬೂದು ಒಂದು ಪಾಲು. ನಾನ್ ಹೇಳ್ಲಿಲ್ವಾ ತಾಯಿ?" ಟೀಚರಮ್ಮ ಚಪ್ಪಾಳೆ ತಟ್ಟಿದಳು. ಆಳುಗಳಿಗೂ ಹುರುಪು ಬಂದು ಸರಸರ ಕೈ ಓಡಿಸಿದರು. ಎರಡನೆಯ ಸಾಲು ಬಿತ್ತು. ಮೂರನೆಯದೂ ಬಿತ್ತು.

ಚಪ್ಪಾಳೆ ನಿಂತಿತು. ಗೋಡೆಯ ತುಂಬ ಸಿಡುಬಿನ ಕಲೆಯಂಥ ಕುಳಿಗಳು. ಹಳೆಯ ಸಿಮೆಂಟು ಬೂದಿಯಾಗಿ ಉದುರುತ್ತಿತ್ತು.

ದೊಡ್ಡ ಮೇಸ್ತ್ರಿ ಎದ್ದು ನಿಧಾನವಾಗಿ ಗೋಡೆಯ ಹತ್ತಿರ ಹೋದ. ಕನ್ನಡಕ ಸರಿಮಾಡಿಕೊಂಡ. ನಡುಗುವ ಬೆರಳನ್ನು ಒಂದು ಕುಳಿಯೊಳಗಿಟ್ಟು, ಅದು ಎತ್ತ ಕಡೆಗೆ ಓರೆಯಾಗಿದೆ ಎಂದು ಸವರಿದ. ಪಕ್ಕದ್ದನ್ನು ಸವರಿದ. ಮೂರನೆಯದನ್ನು ಸವರಿದ. ಸುತ್ತಿಗೆ ಹಿಡಿದವನ ಹಾಗೆ ತನ್ನ ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ ನೋಡಿದ. ಆಮೇಲೆ ಕೈ ಕೆಳಗಿಳಿಸಿ ಅಲ್ಲೇ ನಿಂತ. ತಮ್ಮನ ಕಡೆ ತಿರುಗಲಿಲ್ಲ.

"ಯಾರ್ ಮೇಸ್ತ್ರಿಗಳೇ ಇದನ್ನ ಹೀಗೆ ಮಾಡಿದ್ದು?" ಎಂದು ಟೀಚರಮ್ಮ ಕೇಳಿದಳು.

ಚಿಕ್ಕ ಮೇಸ್ತ್ರಿ ಆಕೆಯ ಕಡೆ ತಿರುಗಿದ. ಈಗಲಾದರೂ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಅಣ್ಣ ಮಾತಾಡಿದ.

"ತಪ್ಪು ನಂದು ತಾಯಿ. ಇದು ನಾನು ಮಾಡಿದ ಗೋಡೆ ಅಲ್ಲ."

"ಅಲ್ವಾ? ಈಗ ತಾನೇ ನೀವು…"

"ವಯಸ್ಸಾಯ್ತು ನೋಡಿ, ಮನೆ ಗುರುತು ತಪ್ಪಿದೆ. ಇದು ಬೇರೆ ಯಾರದೋ ಕೈ. ಕೆಲಸಾನೂ ಅಷ್ಟು ಚೆನ್ನಾಗಿಲ್ಲ. ಅದಕ್ಕೇ ಮನೆಯವರು ಕೊಚ್ಚಿಸಿ ಮುಚ್ಚಿಸಿರಬೇಕು. ಇವನದೇನೂ ತಪ್ಪಿಲ್ಲ."

ಆಕೆ ಫೋಟೋ ತೆಗೆದು ಹಿಡಿದಳು. ದೊಡ್ಡ ಮೇಸ್ತ್ರಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ವಾಪಸ್ ಕೊಡುತ್ತ, "ಫೋಟೋದಲ್ಲಿ ಎಲ್ಲಾ ಗೋಡೆನೂ ಒಂದೇ ತರ ಕಾಣುತ್ತೆ," ಅಂದ.

ಐವತ್ತು ವರ್ಷ ತನ್ನದೆಂದು ಎದೆಗೊತ್ತಿಕೊಂಡಿದ್ದ ಗೋಡೆಯನ್ನು ಆ ಮುದುಕ ಎರಡು ಮಾತಿನಲ್ಲಿ ಬಿಟ್ಟುಕೊಟ್ಟ; ಕೆಲಸ ಚೆನ್ನಾಗಿಲ್ಲ ಎಂದು ತನ್ನ ಬಾಯಿಂದಲೇ ಅಂದ. ತಮ್ಮ ಪಕ್ಕದಲ್ಲಿ ನಿಂತು ಕೇಳಿಸಿಕೊಂಡ. ಇಲ್ಲ ಮೇಡಂ, ಇದು ನಮ್ಮಣ್ಣನದೇ, ಹಾಳು ಮಾಡಿದವನು ನಾನು ಎನ್ನಲು ಎಷ್ಟು ಹೊತ್ತು ಬೇಕು? ಆ ಹೊತ್ತು ಬಂತು, ಹೋಯಿತು. ಚಾಣದಲ್ಲಿ ಹೊಡೆದ ಏಟಿಗಿಂತ ಈ ಮೌನಕ್ಕಾಗಿ ಅವನು ಮುಂದೆ ಹೆಚ್ಚು ಕೊರಗಿದ.

"ಹೋಗ್ಲಿ ಬಿಡಿ," ಅಂದಳು ಟೀಚರಮ್ಮ ಕೊನೆಗೆ. "ಹಾಗಾದ್ರೆ ಆ ಮರದ ಶೀಟೇ ಹಾಕಿ."

ಅಣ್ಣ ತಮ್ಮ ಇಬ್ಬರೂ ಬೀದಿಗೆ ಇಳಿದರು. ದೊಡ್ಡ ಮೇಸ್ತ್ರಿ ಎಂದಿನ ನಡಿಗೆಯಲ್ಲೇ ಹೊರಟ. ನಾಲ್ಕು ಮನೆ ದಾಟಿದ ಮೇಲೆ ತಮ್ಮ ಬಾಯಿಬಿಟ್ಟ.

"ಅಣ್ಣ, ಅದು ನಾನೇ."

"ಗೊತ್ತು."

"ಬೈದುಬಿಡು ಅಣ್ಣ. ಎರಡು ಬಾರಿಸು ಬೇಕಾದ್ರೆ."

"ಈ ವಯಸ್ಸಲ್ಲಿ ನಾನು ನಿಂಗೆ ಬೀದೀಲಿ ಹೊಡೆದ್ರೆ ನೋಡಿದವರು ಇಬ್ರನ್ನೂ ಆಸ್ಪತ್ರೆಗೆ ಸೇರಿಸ್ತಾರೆ," ಅಂದ ಅಣ್ಣ. ನಗಲಿಲ್ಲ. ಸ್ವಲ್ಪ ದೂರ ಹೋಗಿ, "ಹನ್ನೊಂದೂ?" ಎಂದು ಕೇಳಿದ.

ಇನ್ನೊಂದು ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. "ಹನ್ನೊಂದೂ," ಅಂದ ತಮ್ಮ.

ಬೀದಿಯ ಕೊನೆಯಲ್ಲಿ ದೊಡ್ಡ ರಸ್ತೆ. ವಾಹನಗಳು ಬಿಡುವಿಲ್ಲದೆ ಓಡುತ್ತಿದ್ದವು. ಇಬ್ಬರೂ ಅಂಚಿನಲ್ಲಿ ನಿಂತರು.

"ಕೊಚ್ಚಿದ್ದು ಹೋಗ್ಲಿ ಬಿಡು," ಅಂದ ಅಣ್ಣ. "ಬೇಜಾರೇನೋ ಆಯ್ತು. ಆದ್ರೆ ಗೋಡೆ ಯಾವತ್ತಿದ್ರೂ ಹೋಗೋದೇ. ಆವತ್ತು ಸಂಜೆ ನಾನು ಕೇಳಿದಾಗ ನಿಜ ಹೇಳ್ಬೇಕಿತ್ತು ನೀನು."

"ಹೇಳಿದ್ರೆ ನಿಂಗೆ ನೋವಾಗ್ತಿತ್ತು ಅಣ್ಣ."

"ಆಗ್ತಿತ್ತು. ಒಂದು ವರ್ಷ ನಿನ್ನ ಮುಖ ನೋಡ್ತಿರ್ಲಿಲ್ಲ. ಆಮೇಲೆ ಎದ್ದು ಎಲ್ಲಾದ್ರೂ ಇನ್ನೊಂದು ಗೋಡೆ ಮಾಡ್ತಿದ್ದೆ ಕಣೋ. ಯಾರಿಗೂ ಬೇಡ ಅಂದ್ರೆ ನಮ್ಮನೆಗೇ ಮಾಡ್ಕೋತಿದ್ದೆ. ಐವತ್ಮೂರು ವರ್ಷ ನಂಗೆ, ಆಗ ಕೈ ಇತ್ತು. ಹನ್ನೊಂದು ಇವೆಯಲ್ಲ, ಒಳಗೆ ಭದ್ರವಾಗಿವೆಯಲ್ಲ, ಇನ್ಯಾಕೆ ಅಂತ ಸುಮ್ನೆ ಕೂತುಬಿಟ್ಟೆ."

ವಾಹನಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಿತು. ಚಿಕ್ಕ ಮೇಸ್ತ್ರಿ ಅಣ್ಣನ ಬಲಗೈ ಹಿಡಿದುಕೊಂಡ. ರಸ್ತೆ ದಾಟುವಷ್ಟು ಹೊತ್ತೂ ಅದು ಅವನ ಮುಷ್ಟಿಯೊಳಗೆ ನಡುಗುತ್ತಲೇ ಇತ್ತು.